ಹೂಂ ಅಂದವರು

ಕೈಯಲ್ಲಿ ಕಾಸಿಲ್ಲದವಳಿಗೆ ಒಳ್ಳೆಯ ಸೌಂಡಿನ ಹುಚ್ಚು ಹಿಡಿಯಬಾರದು.

ಉಪ್ಪಾರಹಳ್ಳಿಯ ಮನೆಯಲ್ಲಿ ಅವತ್ತು ಅಜ್ಜಿ, ನಾನು ಇಬ್ಬರೇ. ಊಟವಾದ ಮೇಲೆ ಅಜ್ಜಿ ಹೇಳುತ್ತಿದ್ದ ಕತೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಲು ಇಟ್ಟು, ನಾನು ನಿದ್ದೆ ಹೋದೆ.

ಮರುದಿನ ಹೊಸ ಅಗ್ಗದ ಇಯರ್‌ಫೋನಿನಲ್ಲಿ ಅದನ್ನು ಕೇಳಿದೆ. ದೂರದಲ್ಲಿ ಯಾರೋ ಹೂಂಗುಟ್ಟುತ್ತಿದ್ದರು. ಕಿವಿಯೊಳಗೆ ಕೂರುವ ರಬ್ಬರ್ ಟಿಪ್ ತೆಗೆದು ಸ್ಪಂಜಿನದು ಹಾಕಿದೆ. ಬೀದಿಯ ಸದ್ದು ಅಡಗಿ, ಆ ‘ಹೂಂ’ ಹತ್ತಿರ ಬಂತು. ಇಯರ್‌ಫೋನಿನ ಕೇಬಲ್ ಕಳಚಿ ಇನ್ನೂ ಒಳ್ಳೆಯದು ಹಾಕಿದೆ. ಹೂಂ ಅನ್ನುವ ಮುಂಚಿನ ಉಸಿರೂ ಕೇಳಿಸಿ, ಕಿವಿ ತಣ್ಣಗಾಯಿತು.

“ಅಜ್ಜಿ, ನಿನ್ನೆ ಕತೆಗೆ ಹೂಂ ಅಂದಿದ್ದು ಯಾರು?”

“ನೀನೇ ಕಣವ್ವ. ಯಾರೂ ಹೂಂ ಅನ್ನದಿದ್ರೆ ನಾನ್ಯಾಕೆ ಮುಂದಕ್ಕೆ ಹೇಳ್ಲಿ?”

ಇಯರ್‌ಫೋನ್ ಕಿವಿಯಲ್ಲಿದ್ದಂತೆಯೇ ಫೋನಿನಿಂದ ಕೇಬಲ್ ಕಿತ್ತೆ. ರೆಕಾರ್ಡಿಂಗಿನ ಅಜ್ಜಿ ಸುಮ್ಮನಾದಳು. ಆಮೇಲೂ ಬಲಗಿವಿಯೊಳಗೆ, ಮುಂದೇನು ಎಂದು ಕೇಳುವವರಂತೆ, ಮೆಲ್ಲಗೆ ಒಂದು ‘ಹೂಂ’ ಬಂತು.