ಮಾಯವ್ವನ ಬಿತ್ತನೆಯ ಚೀಲ

"ಚೀಲ ಒಯ್ಯಿ ತಮ್ಮಾ, ಹೊಲಿಗಿ ಮಾತ್ರ ಬಿಚ್ಚಬ್ಯಾಡ. ನನ್ನತ್ತಿ ಸಾಯೂ ಮುಂದ ತನ್ನ ಕೂದಲಾ ಹೊಸೆದು ಹೊಲದಾಳ. ಇದರ ಹೊಟ್ಟಿ ಸೀಳಿದವರ ಮನ್ಯಾಗ ಏನೂ ನಿಲ್ಲೂದಿಲ್ಲ," ಎಂದಳು ಮುದುಕಿ ಮಾಯವ್ವ.

ಸಮದ ನಕ್ಕ. "ಬಿಚ್ಚಲಿಲ್ಲಾಂದ್ರ ಗ್ವಾಡಿಗೆ ಹೆಂಗ ತೂಗು ಹಾಕ್ಲಿ, ಆಯಿ? ಗೋವಾದಾಗಿನ ಬಿಳಿ ಮಂದಿ ಇದರಾಗ ರಾಗಿ ತುಂಬತಾರೇನ?"

ಬೆಳಗಾವಿಯ ಕೋಟೆಯ ಬಳಿ ಹಳೆಯ ಸಾಮಾನಿನ ಅಂಗಡಿ ಅವನದು. ಖಾನಾಪುರದ ಕಾಡಂಚಿನ ಕುರಿಗಾಹಿ ಧನಗರರ ಗುಡಿಸಲುಗಳಲ್ಲಿ ಇಂಥ ಉಣ್ಣೆಯ ಚೀಲಗಳಿಗಾಗಿ ಅಲೆಯುತ್ತಿದ್ದ. ಹೊಲಿಗೆ ಸೀಳಿ ಹರವಿದರೆ ನೆಲಕ್ಕೆ ಹಾಸು, ಗೋಡೆಗೆ ಚಿತ್ತಾರ; ಗೋವಾದ ವಿದೇಶಿ ಪ್ರವಾಸಿಗರು ಕೇಳಿದಷ್ಟು ಕೊಡುತ್ತಿದ್ದರು. ಚೀಲದ ಬದಲು ಹೊಸ ಪ್ಲಾಸ್ಟಿಕ್ ಪೀಪಾಯಿಗೆ ಮುದುಕಿಯ ಮಗ ಆಗಲೇ ಒಪ್ಪಿಬಿಟ್ಟಿದ್ದ.

"ತಡಿಯಪಾ, ಬೀಜ ತಕ್ಕೋತೀನಿ," ಎಂದಳು ಮಾಯವ್ವ.

ಬಸ್ಸಿನ ಅವಸರ. ಸಮದ ಚೀಲವನ್ನು ಬೋರಲು ಹಿಡಿದು ಕೊಡವಿದ. ಮುಂದಿನ ಮಳೆಗೆಂದು ಇಟ್ಟಿದ್ದ ಬಿತ್ತನೆಯ ರಾಗಿಯೆಲ್ಲ ಅಂಗಳದ ಕೆಸರಿಗೆ ಸುರಿಯಿತು. "ಕೋಳಿಗೋಳಿಗೆ ಹಬ್ಬ ಆತು ನೋಡ್!"

ಮಾಯವ್ವ ಅಳಲಿಲ್ಲ. ಕೆಸರನ್ನು ಮುಷ್ಟಿಯಲ್ಲಿ ಹಿಂಡುತ್ತ ಅವನ ಬೆನ್ನಿಗೆ ಏನೋ ಗೊಣಗಿದಳು.

ಬೆಳಗಾವಿಯ ಮನೆಯಲ್ಲಿ ಸಮದನ ಬ್ಲೇಡು ತಾಗಿದೊಡನೆ ಹೊಲಿಗೆ ಕಿರುಗುಟ್ಟಿತು. ಎಂದೂ ಬೆಳಕು ಕಾಣದ ಒಳಮೈ ಹಸಿ ಕೆಂಪಾಗಿತ್ತು. ತೂಗುಹಾಕಿದಾಗ ಸುಲಿದ ಚರ್ಮದಂತೆ ಗೋಡೆಯಿಂದ ಜೋತುಬಿತ್ತು. ಕೋಣೆಯ ತುಂಬ ತೊಯ್ದ ಕುರಿಯ ವಾಸನೆ, ಅದರಡಿಯಲ್ಲಿ ಸುಟ್ಟ ಕೂದಲಿನದು.

ಬೆಳಗಾಗುವಷ್ಟರಲ್ಲಿ ಬಿರುಕಿಲ್ಲದ ಕೊಡ ಬರಿದಾಗಿತ್ತು. ಡಬ್ಬಿಯ ಅಕ್ಕಿ ನೆಲದ ಮೇಲಿತ್ತು, ಮುಚ್ಚಳ ಮುಚ್ಚಿದ ಹಾಗೇ ಇತ್ತು. ಆಮೇಲೆ ಕೂಸಿನ ಸರದಿ. ಹೆಂಡತಿ ಶಮಶಾದ ಎಷ್ಟು ಹಾಲೂಡಿಸಿದರೂ ಅಷ್ಟೂ ಕಟವಾಯಿಂದ ಹೊರಗೆ ಹರಿಯುತ್ತಿತ್ತು. ನೆಹರು ನಗರದ ಡಾಕ್ಟರಿಗೆ ರೋಗ ಸಿಗಲಿಲ್ಲ. ಕೂಸು ಒಣಗಿತು. ಅದರ ಅಳುವೂ ಸೋರಿಹೋಯಿತು.

"ಆ ಚೀಲ ಬಂದ ದಿನದಿಂದ ಹಿಂಗ ಆಗೇತಿ," ಎಂದಳು ಶಮಶಾದ. "ನಡೀರಿ, ಕೊಟ್ಟ ಬರೂಣು. ಇಲ್ಲಾಂದ್ರ ಕೂಸಿನ ಜೋಡಿ ನನ್ನೂ ಮಣ್ಣು ಮಾಡ್ರಿ."

ಗುಡಿಸಲಿಗೆ ಮರಳಿ ಚೀಲ ಮುಂದಿಟ್ಟ ಸಮದನತ್ತ ಮಾಯವ್ವ ದಬ್ಬಣ ಎಸೆದಳು. "ನೀನ ಸೀಳಿದಿ. ನೀನ ಹೊಲಿ."

"ನನಗ ಹೊಲಿಯಾಕ ಬರೂದಿಲ್ಲ, ಆಯಿ..."

"ಕೂಸು ಕಲಿಸ್ತೈತಿ."

ತನ್ನ ತಲೆಯಿಂದ ಬಿಳಿಗೂದಲು ಕಿತ್ತು, ಉಣ್ಣೆಯ ದಾರಕ್ಕೆ ಹೊಸೆದು ಕೊಟ್ಟಳು.

ಕತ್ತಲು. ಹೊಗೆ. ದಬ್ಬಣ ಸಮದನ ಬೆರಳಿಗೆ ನೆಟ್ಟಿತು. ಎಳೆದ. ಚುಚ್ಚಿದ. ಹೊಸ್ತಿಲಲ್ಲಿ ಶಮಶಾದಳ ಮಡಿಲಲ್ಲಿ ಕೂಸು ಚೀಪಿತು. ಹಾಲು ಸೋರಿತು. ಚುಚ್ಚಿದ. ಎಳೆದ. ಸೋರಿಕೆ ತೆಳುವಾಯಿತು. ಹನಿ. ಬರೀ ಹನಿ. ಆಮೇಲೆ ಅದೂ ಇಲ್ಲ. ಕೂಸು ಗುಟುಕರಿಸಿತು.

"ಕೂಸಿನ ಮ್ಯಾಲ ನನಗೇನ ಸಿಟ್ಟಿಲ್ಲ." ಮಾಯವ್ವ ಬಾಗಿ ಕಡೆಯ ಗಂಟು ಬಿಗಿದಳು. ದಾರವನ್ನು ಹಲ್ಲಿನಿಂದ ಕಡಿದಳು.

ಶಮಶಾದ ಅಳುತ್ತಲೇ ನಗುತ್ತಿದ್ದಳು. "ನೋಡ್ರೀ, ಕುಡೀತು! ಏನಾರ ಅನ್ರಿ... ಯಾಕ ಸುಮ್ಮ ನಿಂತ್ರಿ?"

ಸಮದ ಕೂಸನ್ನು ಕರೆಯಹೋದ. ಅವನ ದವಡೆ ಮಿಸುಕಿತು. ಬಾಯಿ ತೆರೆಯಲಿಲ್ಲ. ತನ್ನ ತುಟಿಗೆ ಬೆರಳಿಟ್ಟು ನೋಡಿದ. ಮೇಲ್ದುಟಿಯಿಂದ ಕೆಳದುಟಿಗೆ, ಒತ್ತೊತ್ತಾಗಿ, ಒರಟು ಉಣ್ಣೆಯ ಹೊಲಿಗೆ.