ಹಿಂದಿನ ಸೀಟಿನ ಅಮ್ಮಚ್ಚಿ

ಪೂರ್ತಿ ಕೇಳಿ, ಆಮೇಲೆ ಬೇಕಾದ್ರೆ ನಗಿ. ನಮ್ಮ ತ್ರಿಶೂರಲ್ಲಿ ಕಂಬಗಳ ನಡುವೆ ಎಚ್ ಆಕಾರದಲ್ಲಿ ಕಾರು ಓಡಿಸಿದ್ರೇನೇ ಲೈಸೆನ್ಸು. ಗಾಬರಿಗೆ ಕೈ ನಡುಗಿ ಮೂರು ಸಲ ಫೇಲಾಗಿದ್ದೆ. ಡಾಕ್ಟರು ಮಾತ್ರೆ ಕೊಟ್ಟು, "ನುಂಗಿದ ದಿನ ಸ್ಟೇರಿಂಗ್ ಮುಟ್ಟಬೇಡ" ಅಂದಿದ್ರು. ನಾನು ನಾಲ್ಕನೇ ಟೆಸ್ಟಿನ ಬೆಳಗ್ಗೇನೇ ನುಂಗಿದೆ.

ಕೈ ನಡುಗಲೇ ಇಲ್ಲ, ಒಂದು ಕಂಬವೂ ತಾಗಲಿಲ್ಲ. ಆದ್ರೆ ಸುಡುಬಿಸಿಲಲ್ಲೂ ಕತ್ತಿನ ಹಿಂದೆ ತಣ್ಣನೆ ಉಸಿರು. ಹಿಂದಿನ ಖಾಲಿ ಸೀಟಿಂದ ಮುದುಕಿ ದನಿ, "ರೋಡಿಗೆ ಹೋಗ್ಬೇಡ ಮಗಳೇ, ಇಳಿ." ಮಾತ್ರೆಯ ಆಟ ಅಂತ ನಕ್ಕೆ.

ಡ್ರೈವಿಂಗ್ ಕಲಿಸೋ ಔಸೇಪ್ ಚೇಟ್ಟ ಓಡಿ ಬಂದ್ರು. "ಎಚ್ ಪಾಸಾದೆ ಲಿಜಿನಾ, ಇನ್ನು ರೋಡ್ ಟೆಸ್ಟು. ಮೊದ್ಲು ಆ ಅಮ್ಮಚ್ಚೀನ ಇಳಿಸು. ಟೆಸ್ಟಿಗೂ ಅಜ್ಜಿ ಬೇಕೇನೇ ನಿಂಗೆ?"

ಮಾತ್ರೆ ನುಂಗಿದ್ದು ನಾನು, ಅವರಲ್ಲ.

ಇಳಿದುಬಿಟ್ಟೆ. ಲೈಸೆನ್ಸು ಇನ್ನೂ ಇಲ್ಲ. ನೀವಾಗಿದ್ರೆ ಏನ್ ಮಾಡ್ತಿದ್ರಿ?