ಮೂರು ಚುಕ್ಕಿ ಎದ್ದು ನಿಲ್ಲಲಿಲ್ಲ

"ಎದ್ದು ನಿಂತ್ಕೋ ಅಂದ್ರೆ! ನಿಂತ್ಕೋ!"

ಚೂಟಿ ಟಿವಿಯನ್ನು ಬೈಯುತ್ತಿದ್ದಳು. ಪಾಪ, ಅದು ಬರೀ ಟಿವಿ. ಅದಕ್ಕೆ ವೈರಿನಲ್ಲಿ ಜೋಡಿಸಿದ್ದ ಕೀಬೋರ್ಡಿನ ಪೆಟ್ಟಿಗೆಯೇ ಕಂಪ್ಯೂಟರ್. ಇಡೀ ಶಾಲೆಗೆ ಇದ್ದದ್ದು ಅದೊಂದೇ.

ಪರದೆಯ ಮೇಲೆ ಮೂರು ಬಿಳಿ ಚುಕ್ಕಿಗಳು ಒಂದರ ಪಕ್ಕ ಒಂದು ಮಲಗಿದ್ದವು. ಪ್ರೋಗ್ರಾಮ್ ಸರಿಯಿದ್ದರೆ ಅವು ಎದ್ದು ಒಂದರ ಮೇಲೊಂದು ನಿಲ್ಲಬೇಕು, ಮತ್ತೆ ಮಲಗಬೇಕು, ಮತ್ತೆ ನಿಲ್ಲಬೇಕು. ಪ್ರೋಗ್ರಾಮ್ ಅಚ್ಚಾಗಿದ್ದ ಪತ್ರಿಕೆಯಲ್ಲಿ ಹಾಗೆಂದು ಚಿತ್ರ ಸಮೇತ ಬರೆದಿತ್ತು.

ಕಂಪ್ಯೂಟರ್ ಒಂದು ನಿಮಿಷ ಯೋಚನೆ ಮಾಡಿತು. ಚುಕ್ಕಿ ನಾಲ್ಕಾಯಿತು, ಅದೂ ಸೊಟ್ಟಸೊಟ್ಟಗೆ. ಇನ್ನೊಂದು ನಿಮಿಷ ಬಿಟ್ಟು ನೋಡಿದರೆ ನಾಲ್ಕೂ ಸೇರಿ ಚೌಕವಾಗಿ ಕೂತುಬಿಟ್ಟವು. ಆಮೇಲೆ ಎಷ್ಟು ಹೊತ್ತು ಕಾದರೂ ಜಪ್ಪಯ್ಯ ಅನ್ನಲಿಲ್ಲ.

"ನೀನು ಎಲ್ಲೋ ತಪ್ಪು ಹೊಡ್ದಿದೀಯ ಕಣೋ," ಅಂದಳು ಚೂಟಿ.

"ನಾನಾ?" ಕೀಬೋರ್ಡಿನ ಮುಂದೆ ಕೂತಿದ್ದ ಟಕಟಕನಿಗೆ ಸಿಟ್ಟು ಬಂತು. "ನೀನು ಓದಿದ್ದನ್ನೇ ಹೊಡ್ದಿದೀನಿ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ!"

ಟಕಟಕನ ಅಪ್ಪ ಟೈಪಿಂಗ್ ಕಲಿಸುವವರು. ಮಗನೂ ಕೀಲಿಗಳ ಕಡೆ ನೋಡದೆ, ಹೇಳಿದ್ದನ್ನು ಹೇಳಿದ ಹಾಗೆ ಟಕಟಕ ಅಂತ ಹೊಡೆಯುತ್ತಿದ್ದ. ಅದಕ್ಕೇ ಅವನಿಗೆ ಆ ಹೆಸರು. ಓಟದಲ್ಲಿ ಹಿಂದೆ, ಲೆಕ್ಕದಲ್ಲಿ ಹಿಂದೆ. ಇದೊಂದರಲ್ಲಿ ಮಾತ್ರ ಅವನನ್ನು ಮೀರಿಸುವವರು ಕ್ಲಾಸಿನಲ್ಲಿ ಇರಲಿಲ್ಲ.

ಅಷ್ಟರಲ್ಲಿ ಕಂಪ್ಯೂಟರ್ ಮಿಸ್ ಬಂದರು. ಹಿಂದೆಯೇ ಅರ್ಧ ಕ್ಲಾಸೂ ಬಂತು.

"ಏನ್ರೋ, ಆಯ್ತಾ? ಶನಿವಾರ ಎಕ್ಸಿಬಿಷನ್ನು, ನೆನಪಿದೆ ತಾನೆ?"

"ಪ್ರೋಗ್ರಾಮ್ ಓಡ್ತಿಲ್ಲ ಮಿಸ್. ಇವನು ತಪ್ಪು ಟೈಪ್ ಮಾಡಿದಾನೆ."

ಹೇಳುವಾಗ ಚೂಟಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. "ನಮ್ಮ ಟಕಟಕ ಇವತ್ತು ಠುಸ್!"

ಮಿಸ್ ಗಡಿಯಾರ ನೋಡಿದರು. "ಟೈಮಿಲ್ಲಮ್ಮ. ನಾಳೆ ಕ್ಲಾಸ್ ಲೀಡರ್ ಕೂತು ಸರಿ ಮಾಡ್ಲಿ. ಶನಿವಾರನೂ ಅವಳೇ ಕೂರ್ಲಿ."

ಟಕಟಕ ಕುರ್ಚಿಯಿಂದ ಎದ್ದ. ಬ್ಯಾಗು ಹೆಗಲಿಗೇರಿಸಿಕೊಂಡು ಯಾರ ಮುಖವನ್ನೂ ನೋಡದೆ ಹೊರಟುಹೋದ.

*

ಮನೆಯಲ್ಲಿ ಅಮ್ಮ ಹೊಲಿಗೆ ಮಿಷನ್ ಮುಂದೆ ಕೂತಿದ್ದಳು. ಊರಿನ ಅರ್ಧ ಶಾಲೆಗಳ ಯೂನಿಫಾರ್ಮ್ ಹೊಲಿಯುವುದು ಅಮ್ಮನೇ.

"ಅಮ್ಮಾ, ಒಂದು ಹಿಡಿ ಗುಂಡಿ ಕೊಡು. ಚೌಕುಳಿ ಬಟ್ಟೆ ಒಂದು ತುಂಡೂ ಬೇಕು."

"ಗುಂಡಿ ಎಣಿಸಿಟ್ಟಿದೀನಿ. ಒಂದು ಕಮ್ಮಿ ಆದ್ರೂ ನಿನ್ನ ಅಂಗಿದೇ ಕಿತ್ತು ಹಾಕ್ತೀನಿ, ನೋಡ್ಕೋ."

ಎಲ್ಲಿ ತಪ್ಪಿದೆ ಎಂದು ಕೈಯಲ್ಲೇ ಆಡಿಸಿ ನೋಡಬೇಕು ಅಂತ ಚೂಟಿಯ ಉಪಾಯ. ಬಟ್ಟೆಯ ಒಂದೊಂದು ಚೌಕವೂ ಒಂದೊಂದು ಮನೆ. ಗುಂಡಿ ಇದ್ದರೆ ಆ ಮನೆಯಲ್ಲಿ ಜೀವ ಇದೆ ಅಂತ ಲೆಕ್ಕ. ಪ್ರತಿ ಮನೆಗೂ ಸುತ್ತ ಎಂಟು ನೆರೆಮನೆ. ನೆರೆಯಲ್ಲಿ ಎರಡೋ ಮೂರೋ ಗುಂಡಿ ಇದ್ದರೆ ಈ ಗುಂಡಿ ಉಳಿಯುತ್ತದೆ. ಅದಕ್ಕಿಂತ ಕಮ್ಮಿಯಾದರೆ ಒಂಟಿಯಾಗಿ ಸಾಯುತ್ತದೆ, ಹೆಚ್ಚಾದರೆ ಉಸಿರುಕಟ್ಟಿ ಸಾಯುತ್ತದೆ. ಖಾಲಿ ಮನೆಯ ಸುತ್ತ ಸರಿಯಾಗಿ ಮೂರು ಗುಂಡಿ ಇದ್ದರೆ ಅಲ್ಲಿ ಹೊಸದು ಹುಟ್ಟುತ್ತದೆ. ಅಷ್ಟೇ ನಿಯಮ.

ಚೂಟಿ ಮೂರು ಗುಂಡಿ ಮಲಗಿಸಿದಳು. ಮೇಲಿನ ಸಾಲಿನಿಂದ ಶುರುಮಾಡಿ ಮನೆಮನೆಯನ್ನೂ ಎಣಿಸುತ್ತಾ, ಹುಟ್ಟಬೇಕಾದ ಕಡೆ ಇಟ್ಟು, ಸಾಯಬೇಕಾದದ್ದನ್ನು ತೆಗೆಯುತ್ತಾ ಬಂದಳು. ಗುಂಡಿ ನಾಲ್ಕಾಯಿತು. ಸೊಟ್ಟಸೊಟ್ಟಗೆ. ಇನ್ನೊಂದು ಸುತ್ತು ಆಡಿದಳು. ಚೌಕವಾಗಿ ಕೂತಿತು!

"ಅಯ್ಯೋ ದೇವ್ರೇ! ಕಂಪ್ಯೂಟರ್ ಮಾಡಿದ್ದೇ ಸರಿ. ಆ ಪತ್ರಿಕೆಯವರೇ ತಪ್ಪು!"

"ಎಲ್ಲಿ, ಇನ್ನೊಂದ್ಸಲ ಮಾಡು," ಅಂದಳು ಅಮ್ಮ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಚೂಟಿ ಮತ್ತೆ ಮಲಗಿಸಿದಳು. ನಡುವಿನ ಗುಂಡಿಯ ಮೇಲಿನ ಮನೆಗೆ ಒಂದು ಹೊಸ ಗುಂಡಿ ಇಟ್ಟಳು. ಅದರ ಪಕ್ಕದ ಮನೆಗೆ ಇನ್ನೊಂದು ಇಟ್ಟಳು.

"ತಡಿ. ಇದನ್ಯಾಕಿಟ್ಟೆ?"

"ಸುತ್ತ ಮೂರು ಇದೆಯಲ್ಲ. ಒಂದು, ಎರಡು, ಮೂರು."

"ಆ ಮೂರನೇದು ನೀನು ಈಗ ತಾನೇ ಇಟ್ಟಿದ್ದಲ್ವೇನೇ? ಅದನ್ನೂ ಎಣಿಸಿದ್ರೆ ಹೇಗೆ?" ಅಮ್ಮ ಸೂಜಿಗಳನ್ನು ಬಾಯಿಂದ ತೆಗೆದಳು. "ನಾನು ಎಲ್ಲಾ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಮುಗಿಸೋತನಕ ಕತ್ತರಿ ಮುಟ್ಟಲ್ಲ. ಒಂದು ಕಡೆ ಕತ್ತರಿಸಿ ಆಮೇಲೆ ಇನ್ನೊಂದು ಕಡೆ ಅಳೆದ್ರೆ, ಅಂಗಿ ಹೋಗಿ ಚೀಲ ಆಗುತ್ತೆ. ತಗೋ."

ಚೂಟಿ ಅಮ್ಮನ ಸೀಮೆಸುಣ್ಣ ತೆಗೆದುಕೊಂಡಳು. ಈ ಸಲ ಒಂದು ಗುಂಡಿಯನ್ನೂ ಅಲ್ಲಾಡಿಸಲಿಲ್ಲ. ಮೊದಲು ಎಲ್ಲಾ ಮನೆಗಳನ್ನೂ ಎಣಿಸಿದಳು. ಹುಟ್ಟುವ ಕಡೆ ಸೊನ್ನೆ, ಸಾಯುವ ಕಡೆ ಅಡ್ಡಗೆರೆ. ಮೇಲೊಂದು ಸೊನ್ನೆ, ಕೆಳಗೊಂದು ಸೊನ್ನೆ, ಎರಡು ತುದಿಗೂ ಗೆರೆ. ಆಮೇಲೆ ಒಟ್ಟಿಗೇ ಗುಂಡಿ ಎತ್ತಿಟ್ಟಳು.

ಮೂರು ಗುಂಡಿ ಸಾಲಾಗಿ ಎದ್ದು ನಿಂತವು.

"ಅಮ್ಮಾ, ನಿಂತ್ವು! ನಿಂತ್ವು!" ಎಂದು ಕುಣಿದಳು ಚೂಟಿ. ಕುಣಿಯುತ್ತಿದ್ದವಳು ತಟಕ್ಕನೆ ನಿಂತಳು. ಹಾಗಾದರೆ ಕಂಪ್ಯೂಟರಿಗೂ ಗುರುತು ಹಾಕಿಕೊಳ್ಳಲು ಬೇರೆ ಜಾಗ ಬೇಕಲ್ಲ?

ಬ್ಯಾಗಿನಿಂದ ಪತ್ರಿಕೆ ತೆಗೆದಳು. ಪ್ರೋಗ್ರಾಮಿನಲ್ಲಿ ಎರಡು ಪಟ್ಟಿ ಇದ್ದವು, ಎ ಮತ್ತು ಬಿ. ಎಣಿಸುವುದು ಎ-ಯಲ್ಲಿ. ಬರೆದಿಡುವುದು ಬಿ-ಯಲ್ಲಿ. ಎಲ್ಲಾ ಮುಗಿದ ಮೇಲೆ ಕೊನೆಯ ನಾಲ್ಕು ಸಾಲು ಬಿ-ಯಲ್ಲಿದ್ದುದನ್ನು ಎ-ಗೆ ಹಾಕುತ್ತವೆ.

ಆಗ ಅವಳಿಗೆ ನೆನಪಾಯಿತು. ಟಕಟಕನಿಗೆ ಓದಿ ಹೇಳುವಾಗ ಪೀರಿಯಡ್ ಮುಗಿಯುತ್ತಾ ಬಂದಿತ್ತು. ಒಂದೇ ಅಳತೆಯ ಎರಡೆರಡು ಪಟ್ಟಿ ಯಾಕೆ, ಎರಡೂ ಒಂದೇ ಅಲ್ಲವಾ ಅಂತ ಅಂದುಕೊಂಡು, ಬಿ ಇದ್ದ ಕಡೆಯೆಲ್ಲಾ ಅವಳೇ ಎ ಎಂದು ಓದಿದ್ದಳು. ಕೊನೆಯ ನಾಲ್ಕು ಸಾಲು ಓದಿರಲೇ ಇಲ್ಲ. ಟಕಟಕ ಅವಳು ಹೇಳಿದ್ದನ್ನು ಹೇಳಿದ ಹಾಗೆ ಹೊಡೆದಿದ್ದ.

ಚೂಟಿ ಪತ್ರಿಕೆ ಮಡಚಿ ಬ್ಯಾಗಿಗೆ ಹಾಕಿದಳು. ಅಮ್ಮ ಗುಂಡಿ ಎಣಿಸಿ ಡಬ್ಬಿಗೆ ಹಾಕಿಕೊಂಡಳು. ಲೆಕ್ಕ ಸರಿಯಾಗಿತ್ತು.

*

ಮರುದಿನ ಕ್ಲಾಸ್ ಲೀಡರ್ ಕೀಬೋರ್ಡಿನ ಮುಂದೆ ಕೂತಿದ್ದಳು. ಮಿಸ್ಸೂ ಕ್ಲಾಸಿನವರೂ ಸುತ್ತ ನಿಂತಿದ್ದರು. "ಯಾವ್ಯಾವ ಸಾಲು ತಪ್ಪು, ಹೇಳೇ."

ಒಟ್ಟು ಹನ್ನೊಂದು ಸಾಲು. ಲೀಡರ್ ಕೈಯಲ್ಲಿ ಹೊಡೆಸಿದರೆ ಕೆಲಸ ಮುಗಿಯುತ್ತಿತ್ತು. ಟಕಟಕ ಕೆಡಿಸಿದ್ದ, ಲೀಡರ್ ಸರಿಮಾಡಿದಳು ಅಂತ ಎಲ್ಲರೂ ಅಂದುಕೊಳ್ಳುತ್ತಿದ್ದರು. ಚೂಟಿ ಓದಿದ್ದು ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಟಕಟಕನಿಗೂ ಗೊತ್ತಿರಲಿಲ್ಲ.

ಚೂಟಿಯ ಕಿವಿ ಬಿಸಿಯಾಯಿತು.

"ಮಿಸ್," ಅಂದಳು. ದನಿ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. "ಅವನು ತಪ್ಪು ಟೈಪ್ ಮಾಡಿರ್ಲಿಲ್ಲ. ನಾನೇ ತಪ್ಪು ಓದಿದ್ದು. ಬೇಕಂತಲೇ ನಾಲ್ಕು ಸಾಲು ಬಿಟ್ಬಿಟ್ಟಿದ್ದೆ, ಬೇಗ ಮುಗೀಲಿ ಅಂತ."

ಮಿಸ್ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಹಾಗಾದ್ರೆ ಹೋಗು, ಅವನನ್ನ ಕರ್ಕೊಂಡು ಬಾ."

ಟಕಟಕ ಲೈಬ್ರರಿಯಲ್ಲಿ ಒಬ್ಬನೇ ಕೂತಿದ್ದ.

"ನಾನು ಬರಲ್ಲ ಹೋಗೇ."

"ತಪ್ಪು ನಂದು ಕಣೋ. ಬಿ ಇದ್ದ ಕಡೆ ಎ ಅಂತ ಓದ್ಬಿಟ್ಟೆ."

"ಈಗ ಬಂದು ಇಲ್ಲಿ ಪಿಸಪಿಸ ಅನ್ನು. ನಿನ್ನೆ ಎಲ್ರ ಮುಂದೆ ಹೇಳಿದೆಯಲ್ಲ?"

"ಇದನ್ನೂ ಎಲ್ರ ಮುಂದೆನೇ ಹೇಳ್ಬಿಟ್ಟು ಬಂದೆ."

ಟಕಟಕ ಅವಳ ಮುಖ ನೋಡಿದ. ಅದು ಇನ್ನೂ ಕೆಂಪಗಿತ್ತು. ಎದ್ದು ಬಂದ.

ಲೀಡರ್ ಕುರ್ಚಿ ಬಿಟ್ಟುಕೊಟ್ಟಳು. ಚೂಟಿ ಓದಲು ಪತ್ರಿಕೆ ಎತ್ತಿಕೊಂಡಳು. ಟಕಟಕ ಅದನ್ನು ಅವಳ ಕೈಯಿಂದ ತೆಗೆದುಕೊಂಡು ತನ್ನ ಕಡೆ ತಿರುಗಿಸಿ ಇಟ್ಟುಕೊಂಡ. ಒಂದೊಂದು ಸಾಲನ್ನೂ ತಾನೇ ನೋಡಿ ಹೊಡೆಯತೊಡಗಿದ. ಹಾಗೆ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಾ ಹೊಡೆದರೆ ಅವನ ಕೈ ನಿಧಾನವಾಗುತ್ತಿತ್ತು. ಚೂಟಿಗೆ ಅಳು ಬಂದ ಹಾಗಾಯಿತು. ಪಕ್ಕದಲ್ಲಿ ಕೈಕಟ್ಟಿ ಕೂತಳು.

ಏಳು ಸಾಲು ಮುಗಿಯಿತು. ಕೊನೆಯ ನಾಲ್ಕು ಉಳಿದವು. ಟಕಟಕ ಮೊಣಕೈಯಿಂದ ಪತ್ರಿಕೆಯನ್ನು ಅವಳ ಕಡೆ ತಳ್ಳಿದ.

"ಓದು. ಇದ್ದದ್ದನ್ನ ಇದ್ದ ಹಾಗೆ."

ಚೂಟಿ ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು. ಅಂಕಿ ಓದಿದಳು, ಕಾಮಾ ಓದಿದಳು, ನಡುವೆ ಬಿಟ್ಟಿದ್ದ ಖಾಲಿ ಜಾಗವನ್ನೂ ಬಿಡದೆ ಹೇಳಿದಳು.

"ಬೇಗ ಓದೇ, ಬೆಲ್ ಆಗುತ್ತೆ," ಅಂದ ಟಕಟಕ.

ಚೂಟಿ ಬೇಗ ಓದಲಿಲ್ಲ.